ಅಟ್ಟದ ಮೇಲಿನ ಬಿಬಿಸಿ ಮೈಕ್ರೋ ಮತ್ತು ಬೂಸ್ಟು ಹಿಡಿದ ಒಂದು ಕ್ಯಾಸೆಟ್

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಮನೆಯ ಅಟ್ಟದಿಂದ ಎರಡು ವಸ್ತು ಕೆಳಗೆ ಬಂದವು. ಒಂದು ಬಿಬಿಸಿ ಮೈಕ್ರೋ ಮಾಡೆಲ್ ಬಿ ಕಂಪ್ಯೂಟರ್. ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಸಿ-60 ಕ್ಯಾಸೆಟ್. ಆ ಕಾಲದಲ್ಲಿ ಇಂಥ ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಹಾಡಿನ ಕ್ಯಾಸೆಟ್ಟಿನಲ್ಲೇ ಸದ್ದಾಗಿ ಇಡುತ್ತಿದ್ದರು. ಮನೆ ನನ್ನ ಗೆಳೆಯನದ್ದು. ಅವನ ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ಶಾಲೆಯವರು ಹಳೇ ಸಾಮಾನು ಹರಾಜು ಹಾಕಿದಾಗ ಗುಜರಿ ದರಕ್ಕೆ ಈ ಕಂಪ್ಯೂಟರನ್ನು ತಾವೇ ಕೊಂಡು ಮನೆಗೆ ತಂದಿದ್ದರು. ಆಮೇಲೆ ಅದು ಅಟ್ಟ ಸೇರಿತು, ಹಲವು ಮಳೆಗಾಲ ಅಲ್ಲೇ ಕಳೆಯಿತು.

ಇದರ ರಿಪೇರಿಯನ್ನು ಶುರುವಿಂದ ಕೊನೆತನಕ ಬರೆದಿಡುತ್ತಿದ್ದೇನೆ, ಯಾಕೆಂದರೆ ನಮ್ಮಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಕೆಲವು ಕಡೆ ಉಳಿದಿವೆ, ಅವು ಸಿಕ್ಕವರು ಮೊದಲು ಮಾಡುವ ಕೆಲಸ ಪ್ಲಗ್ ಹಾಕಿ ಸ್ವಿಚ್ ಒತ್ತುವುದು. ದಯವಿಟ್ಟು ಹಾಗೆ ಮಾಡಬೇಡಿ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಪೂರ್ತಿ ಹಾಳಾದರೂ ಅದೇ ಮಾಡೆಲ್ ಇನ್ನೊಂದು ಸಿಗುತ್ತದೆ, ದುಡ್ಡು ಕೊಟ್ಟರೆ ಇಂಗ್ಲೆಂಡಿನಿಂದ ತರಿಸಬಹುದು. ಕ್ಯಾಸೆಟ್ಟಿನಲ್ಲಿ ಇರುವುದು ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಹಾಗಾಗಿ ಈ ಕೆಲಸದ ಪ್ರತಿ ಹೆಜ್ಜೆಯಲ್ಲೂ ನಾನು ಕ್ಯಾಸೆಟ್ಟಿಗೆ ಮೊದಲ ಜಾಗ ಕೊಟ್ಟೆ.

ಈ ಯಂತ್ರ ಇಲ್ಲಿಗೆ ಬಂದದ್ದು ಹೇಗೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಬ್ರಿಟನ್ನಿನಲ್ಲಿ ಬಿಬಿಸಿ ಟಿವಿಯವರು ಜನರಿಗೆ ಕಂಪ್ಯೂಟರ್ ಕಲಿಸಲು ಒಂದು ದೊಡ್ಡ ಯೋಜನೆ ಹಾಕಿಕೊಂಡರು. ಅದಕ್ಕಾಗಿ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ ಮಾಡಿದ ಯಂತ್ರ ಇದು, 1981ರ ಕೊನೆಗೆ ಬಂತು. ಒಳಗಿರುವುದು 6502 ಪ್ರೊಸೆಸರ್, ವೇಗ 2 ಮೆಗಾಹರ್ಟ್ಸ್, ಮೆಮೊರಿ 32 ಕಿಲೋಬೈಟ್. ಹಾರ್ಡ್‌ವೇರ್ ವಿನ್ಯಾಸದಲ್ಲಿ ಸ್ಟೀವ್ ಫರ್ಬರ್ ಕೈ ಇದೆ, ಇದರ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರೆದವರು ಸೋಫಿ ವಿಲ್ಸನ್. ಇದೇ ಇಬ್ಬರು ಮುಂದೆ ಆರ್ಮ್ ಪ್ರೊಸೆಸರ್ ಮಾಡಿದರು, ಮೊದಲ ಚಿಪ್ 1985ರಲ್ಲಿ ಬಂತು. ಇವತ್ತು ನಿಮ್ಮ ಜೇಬಿನ ಫೋನಿನಲ್ಲಿ ಇರುವುದು ಅದರ ವಂಶದ ಚಿಪ್ಪೇ.

ಭಾರತದಲ್ಲಿ ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಅನ್ನುವ ಯೋಜನೆ ತಂದಿತು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯ ಮಾಡಿಸುವುದು ಅದರ ಉದ್ದೇಶ. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕೊಟ್ಟರು. ಮುಂದೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಇದೇ ಯಂತ್ರವನ್ನು ‘ಯೂನಿಕಾರ್ನ್’ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ಮೇಷ್ಟ್ರ ಹತ್ತಿರ ಇದ್ದದ್ದು ಇಂಗ್ಲೆಂಡಿನಲ್ಲಿ ಮಾಡಿದ ಏಕಾರ್ನ್ ಯಂತ್ರ. ಮೇಲುಗಡೆ ಶಾಲೆಯ ಸ್ಟಾಕ್ ನಂಬರನ್ನು ಕೆಂಪು ಎನಾಮಲ್ ಪೇಂಟಿನಲ್ಲಿ ಬರೆದಿತ್ತು.

ಬಿಚ್ಚಿ ನೋಡಿದಾಗ

ಕ್ಯಾಸೆಟ್ಟನ್ನು ಮೊದಲು ಒಂದು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟೆ. ಮಲೆನಾಡಿನ ತೇವ ಟೇಪಿನ ಅಂಚಿನ ತನಕ ಇಳಿದಿತ್ತು, ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೂಸ್ಟಿನ ಬಿಳಿ ಪುಡಿ ಕಾಣುತ್ತಿತ್ತು. ಅದು ಪೂರ್ತಿ ಒಣಗುವ ತನಕ ಮುಟ್ಟುವ ಹಾಗಿಲ್ಲ. ಅಷ್ಟರಲ್ಲಿ ಕಂಪ್ಯೂಟರ್ ಕಡೆ ತಿರುಗಿದೆ. ಮೇಷ್ಟ್ರಿಗೆ ಇದು ಸಮಾಧಾನ ಆಗಲಿಲ್ಲ. “ಮೊದ್ಲು ಕ್ಯಾಸೆಟ್ ಹಾಕಿ ಕೇಳು ಮಾರಾಯ, ಅದ್ರಲ್ಲಿ ಮಕ್ಕಳ ಕೆಲ್ಸ ಇದೆ” ಅಂದರು. ಒದ್ದೆ ಟೇಪನ್ನು ಓಡಿಸಿದರೆ ಮಣ್ಣಿನ ಹಾಗೆ ಉದುರಿಬಿಡಬಹುದು ಸರ್ ಅಂತ ವಿವರಿಸಿದ ಮೇಲೆ ಒಪ್ಪಿಕೊಂಡರು.

ಬಿಬಿಸಿ ಮೈಕ್ರೋದ ಮುಚ್ಚಳ ತೆಗೆಯುವುದು ಸುಲಭ. ಹಿಂದೆ ಎರಡು, ಕೆಳಗೆ ಎರಡು ಸ್ಕ್ರೂ. ಒಳಗೆ ಗಾಳಿಕಿಂಡಿಯ ಹತ್ತಿರ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕೀಬೋರ್ಡಿನ ಬಲಭಾಗದಲ್ಲಿ ಇಲಿ ಉಚ್ಚೆಯ ಕಲೆ, ಅದರ ಸುತ್ತ ತಾಮ್ರ ಹಸಿರಾಗಿತ್ತು. ಹಲವು ಐಸಿಗಳ, ಅಂದರೆ ಚಿಪ್ಪುಗಳ, ಕಾಲು ಕಪ್ಪಾಗಿದ್ದವು. ಆದರೆ ಬೋರ್ಡ್ ಎಲ್ಲೂ ಸುಟ್ಟಿರಲಿಲ್ಲ, ಯಾವ ಚಿಪ್ಪೂ ಕಳೆದಿರಲಿಲ್ಲ, ಹಿಂದೆ ಯಾರೂ ಕೈಯಾಡಿಸಿದ ಗುರುತೂ ಇರಲಿಲ್ಲ. ಹಳೇ ಯಂತ್ರದಲ್ಲಿ ಈ ಕೊನೆಯದು ಬಹಳ ದೊಡ್ಡ ವಿಷಯ. ಕಾಲದ ಹಾನಿಯನ್ನು ಸರಿಮಾಡುವುದು ಕಷ್ಟವಲ್ಲ. ಗೊತ್ತಿಲ್ಲದವರು ದಪ್ಪ ಸೋಲ್ಡರಿಂಗ್ ಐರನ್ ಹಿಡಿದು ಕಿತ್ತ ಬೋರ್ಡಿನ ತಾಮ್ರದ ಗೆರೆಗಳನ್ನು ಸರಿಮಾಡುವುದು ನಿಜವಾಗಿ ಕಷ್ಟ.

ಎಲ್ಲವನ್ನೂ ಫೋಟೋ ತೆಗೆದೆ. ಯಾವ ವೈರ್ ಎಲ್ಲಿ, ಯಾವ ಚಿಪ್ ಯಾವ ದಿಕ್ಕಿಗೆ ಅನ್ನುವುದು ಸ್ಪಷ್ಟವಾಗಿ ಕಾಣುವ ಹಾಗೆ. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಕಲೆ ಇದ್ದ ಕಡೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ.

ಪವರ್ ಸಪ್ಲೈ

ಸ್ವಿಚ್ ಒತ್ತಬೇಡಿ ಅಂದದ್ದು ಇದಕ್ಕೇ. ಬಿಬಿಸಿ ಮೈಕ್ರೋದ ಪವರ್ ಸಪ್ಲೈ, ಅಂದರೆ ಗೋಡೆಯ ಮೇನ್ಸ್ ಕರೆಂಟನ್ನು 5 ವೋಲ್ಟಿಗೆ ಇಳಿಸುವ ಭಾಗ, ಎಡಗಡೆ ಒಂದು ತಗಡಿನ ಪೆಟ್ಟಿಗೆಯಲ್ಲಿ ಇರುತ್ತದೆ. ಅದರಲ್ಲಿ ಕರೆಂಟು ಬರುವ ಜಾಗಕ್ಕೇ ಕರೆಂಟಿನ ಗಲಾಟೆ ಸೋಸುವ ಎರಡು ಫಿಲ್ಟರ್ ಕೆಪಾಸಿಟರುಗಳಿವೆ, ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ಆ ಕಾಲದಲ್ಲಿ ಇವನ್ನು ಕಾಗದ ಸುತ್ತಿ, ಮೇಲೆ ಪಾರದರ್ಶಕ ರಾಳದ ಕವಚ ಹಾಕಿ ಮಾಡುತ್ತಿದ್ದರು. ವರ್ಷ ಕಳೆದ ಹಾಗೆ ಕವಚ ಕೂದಲೆಳೆಯಷ್ಟು ಬಿರಿಯುತ್ತದೆ, ಬಿರುಕಿನಿಂದ ತೇವ ಒಳಗೆ ಹೋಗುತ್ತದೆ, ಕಾಗದ ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ಯಾರಾದರೂ 230 ವೋಲ್ಟ್ ಕೊಟ್ಟರೆ ಬಿಸಿಯಾಗಿ ಒಡೆಯುತ್ತದೆ. ದಟ್ಟ ಹೊಗೆ, ಕೆಟ್ಟ ವಾಸನೆ, ಸುತ್ತಲಿನ ಭಾಗಗಳ ಮೇಲೆಲ್ಲ ಅಂಟು. ಹಲವು ಬಾರಿ ಯಂತ್ರ ಸರಿಯಾಗಿ ಓಡುತ್ತಿರುವಾಗಲೇ ಇದು ಆಗುತ್ತದೆ, ಯಾಕೆಂದರೆ ಇವುಗಳ ಮೇಲೆ ಸ್ವಿಚ್ ಹಾಕಿದಷ್ಟು ಹೊತ್ತೂ ಪೂರ್ತಿ ಮೇನ್ಸ್ ಇರುತ್ತದೆ. ಮೇಷ್ಟ್ರ ಯಂತ್ರದ ಎರಡೂ ಕೆಪಾಸಿಟರುಗಳಲ್ಲಿ ಜೇಡರ ಬಲೆಯಂಥ ಬಿರುಕು ಕಣ್ಣಿಗೇ ಕಾಣುತ್ತಿತ್ತು.

ಎರಡನ್ನೂ ತೆಗೆದು ಮೇನ್ಸಿಗೆ ಅಡ್ಡ ಹಾಕಲೆಂದೇ ಮಾಡುವ ಎಕ್ಸ್2 ದರ್ಜೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸುಲಭವಾಗಿ ಸಿಗುತ್ತವೆ, ಬೆಲೆ ಏನೂ ಇಲ್ಲ. ಕೊಳ್ಳುವಾಗ ಮೈಮೇಲೆ ಎಕ್ಸ್2 ಅಂತ ಮುದ್ರೆ ಇದೆಯಾ ನೋಡಿ. ಬರೀ ವೋಲ್ಟೇಜ್ ನೋಡಿ ಯಾವುದೋ ಒಂದನ್ನು ಮೇನ್ಸಿಗೆ ಅಡ್ಡ ಹಾಕುವುದು ಅಪಾಯ. ಇದೇ ಸಪ್ಲೈಯಲ್ಲಿ 220 ಮೈಕ್ರೋಫ್ಯಾರಡ್‌ನ ಒಂದು ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇದೆ. ಅದು ಸೋತರೆ ಸಪ್ಲೈ ಶುರುವಾಗುವುದಕ್ಕೇ ತಡವರಿಸುತ್ತದೆ. ಅದನ್ನೂ ಬದಲಾಯಿಸಿದೆ. ಉಳಿದ ಎಲೆಕ್ಟ್ರೋಲಿಟಿಕ್‌ಗಳನ್ನು ಅಳೆದು ನೋಡಿದೆ, ಚೆನ್ನಾಗಿದ್ದವು, ಮುಟ್ಟಲಿಲ್ಲ. ಎಲ್ಲವನ್ನೂ ಒಟ್ಟಿಗೆ ಕಿತ್ತು ಹೊಸದು ಹಾಕುವ ಅಭ್ಯಾಸ ತುಂಬ ಜನರಿಗೆ ಇದೆ. ನನಗೆ ಅದು ಸರಿ ಅನಿಸುವುದಿಲ್ಲ. ಪ್ರತಿ ಬಾರಿ ಬಿಸಿ ಮಾಡಿದಾಗಲೂ ಹಳೇ ಬೋರ್ಡಿನ ತಾಮ್ರ ಎದ್ದುಬರುವ ಭಯ ಇರುತ್ತದೆ, ಅಳತೆಯಲ್ಲಿ ಚೆನ್ನಾಗಿರುವ ಭಾಗಕ್ಕೆ ಆ ಅಪಾಯ ಯಾಕೆ?

ಈ ಪೆಟ್ಟಿಗೆ ಬಿಚ್ಚುವವರಿಗೆ ಒಂದು ಎಚ್ಚರಿಕೆ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂಡುತ್ತದೆ, ಪ್ಲಗ್ ತೆಗೆದ ಮೇಲೂ ಕೆಲ ಹೊತ್ತು ಉಳಿದಿರಬಹುದು. ಮೀಟರಿನಲ್ಲಿ ಸೊನ್ನೆ ಕಾಣುವ ತನಕ ಕೈ ಹಾಕಬೇಡಿ. ಈ ಕೆಲಸ ಅಭ್ಯಾಸ ಇಲ್ಲದವರು ಟಿವಿ ರಿಪೇರಿ ಗೊತ್ತಿರುವ ಹಳಬರ ಹತ್ತಿರ ಮಾಡಿಸುವುದು ಒಳ್ಳೆಯದು.

ಪರೀಕ್ಷೆಗೆ ಬೋರ್ಡಿನಿಂದ ಎಲ್ಲ ವೈರ್ ಬಿಡಿಸಿದೆ. ಬೋರ್ಡಿನ ಬದಲು 5 ವೋಲ್ಟಿಗೆ ಲೋಡ್ ಆಗಿ 4.7 ಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್ ಕಟ್ಟಿದೆ, ಹೆಚ್ಚುಕಡಿಮೆ ಒಂದು ಆಂಪಿಯರ್ ಎಳೆಯುತ್ತದೆ. ಮೇನ್ಸಿಗೆ ನಮ್ಮ ಎಲೆಕ್ಟ್ರಿಷಿಯನ್ನರ ಹಳೇ ಉಪಾಯ, ಸೀರೀಸ್ ಲ್ಯಾಂಪ್. 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು, ಸಪ್ಲೈಗೆ ಹೋಗುವ ಕರೆಂಟು ಅದರ ಮೂಲಕವೇ ಹಾಯುವ ಹಾಗೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸಪ್ಲೈಗೆ ಏನೂ ಆಗುವುದಿಲ್ಲ. ಇಲ್ಲಿ ಬಲ್ಬು ಒಂದು ಕ್ಷಣ ಮಿಂಚಿ ಮಂಕಾಯಿತು. ಮೀಟರಿನಲ್ಲಿ 5.06 ವೋಲ್ಟ್. ನೇರಳೆ ವೈರಿನಲ್ಲಿ ಮೈನಸ್ 5 ಕೂಡ ಸರಿಯಾಗಿ ಬಂತು.

ನಿಲ್ಲದ ಒಂದೇ ಸ್ವರ

ಬಿಬಿಸಿ ಮೈಕ್ರೋ ಆನ್ ಮಾಡಿದಾಗ ಎರಡು ಸದ್ದು ಕೇಳಬೇಕು. ಮೊದಲು ಒಂದು ತಗ್ಗಿದ ಸ್ವರ, ಅದರ ಬೆನ್ನಿಗೇ ಒಂದು ಚುರುಕಾದ ಬೀಪ್. ಮೊದಲನೆಯದು ಯಾರೂ ಬೇಕಂತ ಹೊರಡಿಸುವ ಸದ್ದಲ್ಲ. ಸೌಂಡ್ ಚಿಪ್ಪಿಗೆ ಕರೆಂಟು ಸಿಕ್ಕ ಕೂಡಲೇ ಅದು ತನ್ನ ಪಾಡಿಗೆ ಕೂಗಲು ಶುರುಮಾಡುತ್ತದೆ. ಪ್ರೊಸೆಸರ್ ಎದ್ದು, ರೋಮಿನ ಆಪರೇಟಿಂಗ್ ಸಿಸ್ಟಂ ಓದಿ, ಆ ಚಿಪ್ಪನ್ನು ಸುಮ್ಮನಾಗಿಸಿ, ಆಮೇಲೆ ತಾನು ಬೀಪ್ ಹೊಡೆಯುತ್ತದೆ. ರೋಮ್ ಅಂದರೆ ಆರ್‌ಓಎಂ, ಬರೆದು ಮುಚ್ಚಿದ ಕಾಯಂ ಮೆಮೊರಿ. ಅಂದಮೇಲೆ ಮೊದಲ ಸ್ವರ ನಿಲ್ಲದೆ ಹಾಗೇ ಎಳೆಯುತ್ತಿದ್ದರೆ ಪ್ರೊಸೆಸರ್ ಕೆಲಸವನ್ನೇ ಶುರುಮಾಡಿಲ್ಲ ಅಂತ ಅರ್ಥ. ಕಿವಿಯಿಂದಲೇ ಇಷ್ಟು ತಿಳಿಯುತ್ತದೆ, ಎಷ್ಟು ಒಳ್ಳೆಯ ಯಂತ್ರ ಅಲ್ವಾ?

ಮೇಷ್ಟ್ರ ಯಂತ್ರ ಆ ಒಂದೇ ಸ್ವರದಲ್ಲಿ ನಿಂತುಬಿಟ್ಟಿತು. ಟಿವಿಯಲ್ಲಿ ಏನೂ ಇಲ್ಲ.

ಮೊದಲು ಅಳೆದದ್ದು ವೋಲ್ಟೇಜನ್ನೇ, ಆದರೆ ಸಪ್ಲೈಯ ಹತ್ತಿರ ಅಲ್ಲ, ಚಿಪ್ಪುಗಳ ಕಾಲಿನ ಮೇಲೆ. ಸಪ್ಲೈ 5.05 ಕೊಡುತ್ತಿತ್ತು, ಮೆಮೊರಿ ಚಿಪ್ಪುಗಳ ಸಾಲಿನಲ್ಲಿ 4.6 ಮಾತ್ರ ಇತ್ತು. ಆ ಕಾಲದ ಇಂಥ ಚಿಪ್ಪುಗಳಿಗೆ ಕನಿಷ್ಠ 4.75 ಬೇಕು. ಈ ಬೋರ್ಡಿಗೆ ಮೂರು ಕೆಂಪು, ಮೂರು ಕಪ್ಪು ವೈರುಗಳಲ್ಲಿ ಕರೆಂಟು ಬರುತ್ತದೆ, ಪ್ರತಿಯೊಂದೂ ಚಪ್ಪಟೆ ಪಿನ್ನಿನ ಮೇಲೆ ಒತ್ತಿ ಕೂರಿಸುವ ಕ್ಲಿಪ್. ಕ್ಲಿಪ್ಪುಗಳು ಸಡಿಲವಾಗಿದ್ದವು, ಪಿನ್ನುಗಳು ಮಾಸಿ ಕಂದಾಗಿದ್ದವು. ಪಿನ್ನುಗಳನ್ನು ಉಜ್ಜಿ ಹೊಳಪು ಬರಿಸಿ, ಕ್ಲಿಪ್ಪುಗಳನ್ನು ಇಕ್ಕಳದಲ್ಲಿ ಸ್ವಲ್ಪ ಬಿಗಿಮಾಡಿದೆ. ಅದೇ ಮೆಮೊರಿ ಸಾಲಿನಲ್ಲಿ 4.97 ಬಂತು. ಇದು ಗೊತ್ತಿಲ್ಲದೆ ಎಷ್ಟು ಜನ ಮೆಮೊರಿ ಚಿಪ್ಪುಗಳನ್ನು ಸುಮ್ನೆ ಕಿತ್ತು ಹಾಕಿರಬಹುದು ಅನ್ನಿಸಿತು. ಹದಿನಾರು ಚಿಪ್ಪುಗಳಿವೆ, ಒಂದೊಂದರಲ್ಲೂ 16 ಕಿಲೋಬಿಟ್, ಎಲ್ಲ ಸೇರಿ 32 ಕಿಲೋಬೈಟ್. ಈಗ ಇವು ಸಿಗುವುದೂ ಅಪರೂಪ.

ಸ್ವರ ಮಾತ್ರ ನಿಲ್ಲಲಿಲ್ಲ. ಮುಂದಿನದ್ದು ಪ್ರೊಸೆಸರಿನ ಕಾಲುಗಳು. 37ನೇ ಕಾಲಿನಲ್ಲಿ ಕ್ಲಾಕ್, ಅಂದರೆ ಪ್ರೊಸೆಸರಿಗೆ ತಾಳ ಹಾಕುವ ಮಿಡಿತ, ಬರಬೇಕು, ಅಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ 2 ಮೆಗಾಹರ್ಟ್ಸ್ ಚೆನ್ನಾಗಿ ಕಂಡಿತು. 40ನೇ ಕಾಲು ರಿಸೆಟ್, ಅದರ ವೋಲ್ಟೇಜ್ ಕೆಳಗಿರುವಷ್ಟು ಹೊತ್ತು ಪ್ರೊಸೆಸರ್ ಶುರುವಾಗುವುದಿಲ್ಲ. ಆನ್ ಮಾಡಿದಾಗ ಸ್ವಲ್ಪ ಹೊತ್ತು ಕೆಳಗಿದ್ದು ಆಮೇಲೆ 5 ವೋಲ್ಟಿಗೆ ಏರಬೇಕು. ಅದು ಏರಲೇ ಇಲ್ಲ, 0.3ರಲ್ಲೇ ನಿಂತಿತ್ತು. ಅಂದರೆ ಏನೋ ಒಂದು ಪ್ರೊಸೆಸರನ್ನು ಸದಾ ರಿಸೆಟ್ಟಿನಲ್ಲೇ ಹಿಡಿದಿಟ್ಟಿದೆ. ರಿಸೆಟ್ ಕೊಡುವವರು ಇಲ್ಲಿ ಇಬ್ಬರು. ಬೋರ್ಡಿನ ಮೇಲಿನ 555 ಟೈಮರ್ ಚಿಪ್ ಒಂದು, ಕೀಬೋರ್ಡಿನ ಬ್ರೇಕ್ ಕೀ ಇನ್ನೊಂದು. ಬ್ರೇಕ್ ಕೀ ಇರುವುದು ಕೀಬೋರ್ಡಿನ ಬಲ ಮೂಲೆಯಲ್ಲಿ. ಇಲಿ ಉಚ್ಚೆಯ ಕಲೆ ಇದ್ದದ್ದೂ ಅಲ್ಲೇ. ಯಂತ್ರ ಆಫ್ ಮಾಡಿ ಕೀಬೋರ್ಡಿನ ರಿಬ್ಬನ್ ಕೇಬಲ್ ಬಿಡಿಸಿ, ಮತ್ತೆ ಆನ್ ಮಾಡಿ ಅಳೆದೆ. 40ನೇ ಕಾಲು 5 ವೋಲ್ಟಿಗೆ ಏರಿತು.

ಕೀಬೋರ್ಡ್ ಬಿಚ್ಚಿ ಬ್ರೇಕ್ ಕೀಯ ಸ್ವಿಚ್ಚನ್ನು ಬೋರ್ಡಿನಿಂದ ತೆಗೆದೆ. ಒಳಗೆ ಹಸಿರು ಉಪ್ಪು ಕಟ್ಟಿ ಎರಡು ಸಂಪರ್ಕಗಳನ್ನೂ ಸೇರಿಸಿಬಿಟ್ಟಿತ್ತು. ಸ್ವಿಚ್ಚನ್ನು ತೊಳೆದೆ, ಕೆಳಗಿನ ಬೋರ್ಡನ್ನೂ ತೊಳೆದು ಒಣಗಿಸಿದೆ. ಎಲ್ಲ ಜೋಡಿಸಿ ಸ್ವಿಚ್ ಹಾಕಿದಾಗ ತಗ್ಗಿದ ಸ್ವರ, ಬೆನ್ನಿಗೇ ಬೀಪ್! ಒಳಗೆ ಕಾಫಿ ಕುಡಿಯುತ್ತಿದ್ದ ಮೇಷ್ಟ್ರು ಲೋಟ ಹಿಡಿದುಕೊಂಡೇ ಎದ್ದು ಬಂದರು. ಆ ಸದ್ದು ಅವರಿಗೆ ಮರೆತಿರಲಿಲ್ಲ.

ತೆರೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಅಂತ ಇಂಗ್ಲಿಷಿನಲ್ಲಿ ಬಂತು. ಅದರ ಕೆಳಗೆ ‘ಬೇಸಿಕ್’ ಅಂತ ಬರಬೇಕಿತ್ತು, ಬಂದದ್ದು ‘ಲ್ಯಾಂಗ್ವೇಜ್?’ ಅಂತ. ಆಪರೇಟಿಂಗ್ ಸಿಸ್ಟಂ ಎದ್ದಿದೆ, ಆದರೆ ಅದಕ್ಕೆ ಬೇಸಿಕ್ ಭಾಷೆಯ ಚಿಪ್ ಕಾಣುತ್ತಿಲ್ಲ ಅಂತ ಇದರ ಅರ್ಥ. ಚಿಪ್ ಸತ್ತಿದೆ ಅಂದುಕೊಂಡು ಹೊಸದು ಹುಡುಕುವ ಅಗತ್ಯ ಇಲ್ಲ. ಈ ಬೋರ್ಡಿನಲ್ಲಿ ಇಂಥ ಚಿಪ್ಪುಗಳಿಗೆ ನಾಲ್ಕು ಸಾಕೆಟ್ ಇವೆ, 52, 88, 100 ಮತ್ತು 101ನೇ ಐಸಿ ಜಾಗಗಳು. ಬೇಸಿಕ್ ಯಾವುದರಲ್ಲಿದ್ದರೂ ನಡೆಯುತ್ತದೆ. ಕಾಲುಗಳನ್ನು ನಿಧಾನಕ್ಕೆ ಉಜ್ಜಿ ಕಪ್ಪು ತೆಗೆದು 52ರಲ್ಲೇ ಕೂರಿಸಿದೆ, ಮತ್ತೆ ಅದೇ ಪ್ರಶ್ನೆ. 88ಕ್ಕೆ ಬದಲಾಯಿಸಿದೆ, ಬೇಸಿಕ್ ಬಂತು, ಅದರ ಕೆಳಗೆ ಬಾಣದ ಗುರುತೂ ಬಂತು. ಹಾಗಾದರೆ ಚಿಪ್ ಸರಿ ಇದೆ, ಹೋಗಿರುವುದು 52ರ ಸಾಕೆಟ್. ಸಾಕೆಟ್ ಬದಲಾಯಿಸಬಹುದಿತ್ತು. ಮಾಡಲಿಲ್ಲ. 28 ಕಾಲಿನ ಸಾಕೆಟ್ ಕೀಳುವುದು ಬೋರ್ಡಿಗೆ ಸಣ್ಣ ಗಾಯವಲ್ಲ, ಖಾಲಿ ಜಾಗ ಮೂರು ಇರುವಾಗ ಅದು ಬೇಡ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ ಬರೆದಿಟ್ಟೆ, ಮುಂದೆ ಬಿಚ್ಚುವವರಿಗೆ ಗೊತ್ತಾಗಲಿ ಅಂತ.

ಟಿವಿಗೆ ಜೋಡಿಸುವುದು ನಮ್ಮಲ್ಲಿ ಸುಲಭ, ಯಂತ್ರ ಪಾಲ್ ಅನ್ನುವ ಟಿವಿ ಪದ್ಧತಿಯದ್ದು, ನಮ್ಮ ಟಿವಿಗಳೂ ಅದೇ. ಹಿಂದಿನ ವಿಡಿಯೋ ಸಾಕೆಟ್ ಬಿಎನ್‌ಸಿ, ಸಿಸಿಟಿವಿ ಕ್ಯಾಮೆರಾಗೆ ಹಾಕುವಂಥದ್ದೇ. ಸಿಸಿಟಿವಿ ಅಂಗಡಿಯಲ್ಲಿ ಸಿಗುವ ಸಣ್ಣ ಅಡಾಪ್ಟರ್ ಹಾಕಿ ಟಿವಿಯ ಹಳದಿ ಎವಿ ಕಿಂಡಿಗೆ ಕೊಟ್ಟರೆ ಆಯ್ತು. ಚಿತ್ರ ಕಪ್ಪುಬಿಳುಪು ಬರುತ್ತದೆ, ಬೋರ್ಡಿನ ಒಂದು ಲಿಂಕ್ ಜೋಡಿಸಿದರೆ ಬಣ್ಣ ಬರುತ್ತದೆ. ನಾನು ಕಪ್ಪುಬಿಳುಪನ್ನೇ ಉಳಿಸಿಕೊಂಡೆ, ಅಕ್ಷರ ಅದರಲ್ಲಿ ಜಾಸ್ತಿ ಸ್ಪಷ್ಟ. ಕೀಬೋರ್ಡಿನಲ್ಲಿ ಅಲ್ಲೊಂದು ಇಲ್ಲೊಂದು ಕೀ ಒತ್ತಿದರೆ ಏನೂ ಬರುತ್ತಿರಲಿಲ್ಲ. ಹೀಗೆ ಚದುರಿದ ಹಾಗಿದ್ದರೆ ಆಯಾ ಸ್ವಿಚ್ಚಿನದೇ ತೊಂದರೆ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹಲವು ಬಾರಿ ಒತ್ತಿದಾಗ ಬಹಳಷ್ಟು ಸರಿಹೋದವು. ಒಂದು ಕೀ ಮಾತ್ರ ಏಳಲಿಲ್ಲ. ಮೇಲಿನ ಕೆಂಪು ಫಂಕ್ಷನ್ ಕೀಗಳಲ್ಲಿ ಕೊನೆಯದರ ಸ್ವಿಚ್ಚನ್ನು ಅದರ ಜಾಗಕ್ಕೆ ಹಾಕಿ, ಕೆಟ್ಟದ್ದನ್ನು ಅಲ್ಲಿಗೆ ಕಳಿಸಿದೆ.

ಈಗ ಕ್ಯಾಸೆಟ್

ಅಷ್ಟರಲ್ಲಿ ಟೇಪ್ ಒಣಗಿತ್ತು. ಬಿಳಿ ಪುಡಿ ಅಂಚಿನಲ್ಲಿ ಮಾತ್ರ ಇದ್ದು, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಲಿಲ್ಲ. ಟೇಪ್ ಓದುವ ತಲೆಯ (ಹೆಡ್) ಎದುರು ಟೇಪನ್ನು ಒತ್ತಿ ಹಿಡಿಯುವ ಸಣ್ಣ ಉಣ್ಣೆಯ ತುಂಡು ಉದುರಿಹೋಗಿತ್ತು. ಅದಿಲ್ಲದೆ ಸದ್ದು ಸರಿಯಾಗಿ ಬರುವುದಿಲ್ಲ. ಹಾಗಾಗಿ ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಗೂಡು ತೆಗೆದು ಸುರುಳಿಗಳನ್ನು ಅದಕ್ಕೆ ವರ್ಗಾಯಿಸಿದೆ. ಹಳೇ ಗೂಡನ್ನು ಎಸೆಯಲಿಲ್ಲ, ಅದರ ಮೇಲೆ ಮೇಷ್ಟ್ರ ಕೈಬರಹ ಇದೆ. ಆಮೇಲೆ ಟೇಪನ್ನು ಕೈಯಿಂದ ನಿಧಾನಕ್ಕೆ ಸುತ್ತುತ್ತಾ, ನೂಲು ಬಿಡದ ಒಣ ಬಟ್ಟೆಯ ನಡುವೆ ಹಾಯಿಸಿದೆ. ಬೂಸ್ಟಿನ ಪುಡಿ ಉಸಿರಿನಲ್ಲಿ ಹೋಗುವುದು ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಕೂತು ಮಾಡಿದ್ದು.

ಟೇಪನ್ನು ನೇರವಾಗಿ ಬಿಬಿಸಿಗೆ ಓಡಿಸಲಿಲ್ಲ. ಇಂಥ ಟೇಪ್ ಎಷ್ಟು ಸಲ ಓಡುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಒಂದು ಒಳ್ಳೇ ಕ್ಯಾಸೆಟ್ ಡೆಕ್ಕಿನಲ್ಲಿ ಹಾಕಿ, ಲ್ಯಾಪ್‌ಟಾಪಿನಲ್ಲಿ 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಎಂಪಿ3 ಬೇಡವೇ ಬೇಡ, ಅದು ಸದ್ದನ್ನು ಕಿವಿಗೆ ಹೊಂದುವ ಹಾಗೆ ಕತ್ತರಿಸುತ್ತದೆ, ಇಲ್ಲಿ ಕೇಳಬೇಕಾದದ್ದು ಕಂಪ್ಯೂಟರ್. ಬಿಬಿಸಿ ಮೈಕ್ರೋ ಟೇಪಿನಲ್ಲಿ ಬರೆಯುವ ರೀತಿ ತುಂಬ ಸರಳ. ಸೊನ್ನೆ ಅಂದರೆ 1200 ಹರ್ಟ್ಸ್‌ನ ಒಂದು ಅಲೆ, ಒಂದು ಅಂದರೆ 2400 ಹರ್ಟ್ಸ್‌ನ ಎರಡು ಅಲೆ. ಎರಡಕ್ಕೂ ಹಿಡಿಯುವ ಹೊತ್ತು ಒಂದೇ. ಹೀಗೆ ಸೆಕೆಂಡಿಗೆ 1200 ಬಿಟ್.

ಡೆಕ್ಕಿನ ತಲೆಯ ಓರೆಯನ್ನು ಹೊಂದಿಸುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಶಾಲೆಯ ಹಳೇ ಟೇಪ್ ರೆಕಾರ್ಡರಿನ ತಲೆ ಯಾವ ಕೋನದಲ್ಲಿ ಇತ್ತೋ ಅದೇ ಕೋನದಲ್ಲಿ ಓದಬೇಕು, ಇಲ್ಲದಿದ್ದರೆ 2400ರ ಅಲೆ ಮಂಕಾಗಿಬಿಡುತ್ತದೆ. ತಲೆಯ ಪಕ್ಕದ ಸಣ್ಣ ಸ್ಕ್ರೂವನ್ನು ಸ್ವಲ್ಪವೇ ತಿರುಗಿಸುತ್ತಾ, ಕೀರಲು ಸದ್ದು ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಬೇಕು. ಇದಕ್ಕೂ ಆ ಟೇಪನ್ನು ಸವೆಸಬೇಡಿ. ಪ್ರೋಗ್ರಾಂ ಶುರುವಾಗುವ ಮೊದಲು ಕೆಲವು ಸೆಕೆಂಡು ಬರೀ 2400ರ ಸ್ವರ ಇರುತ್ತದೆ, ಅಷ್ಟು ಭಾಗದಲ್ಲೇ ಹೊಂದಿಸಿಕೊಳ್ಳಬಹುದು.

ರೆಕಾರ್ಡ್ ಆದ ಫೈಲನ್ನು ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ ಬಿಬಿಸಿಯ ಕ್ಯಾಸೆಟ್ ಕಿಂಡಿಗೆ ಕೊಟ್ಟೆ. ‘ಸರ್ಚಿಂಗ್’ ಅಂತ ಬಂತು. ಆಮೇಲೆ ‘ಲೋಡಿಂಗ್’, ಅದರ ಕೆಳಗೆ ‘ವರ್ಣಮಾಲೆ’ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಚುಟುಕಾಗಿಸಿ ಬರೆದ ಹೆಸರು. ಮೇಷ್ಟ್ರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಈ ಯಂತ್ರ ಪ್ರೋಗ್ರಾಮನ್ನು 256 ಬೈಟಿನ ತುಂಡುಗಳಾಗಿ ಟೇಪಿನಲ್ಲಿ ಇಡುತ್ತದೆ, ಪ್ರತಿ ತುಂಡಿಗೂ ಒಂದು ನಂಬರು, ಒಂದು ತಾಳೆ ಲೆಕ್ಕ. ತುಂಡು ಸರಿಯಾಗಿ ಬಂದ ಹಾಗೆ ನಂಬರು ತೆರೆಯ ಮೇಲೆ ಏರುತ್ತದೆ. 08ರ ತನಕ ಏರಿತು, 09ಕ್ಕೆ ‘ಡೇಟಾ?’ ಅಂದಿತು, ‘ರಿವೈಂಡ್ ಟೇಪ್’ ಅಂತಲೂ ಹೇಳಿತು. ಇದರ ಒಳ್ಳೇ ಗುಣ ಏನೆಂದರೆ ತಪ್ಪಾದರೆ ಮೊದಲಿಂದ ಶುರುಮಾಡಬೇಕಿಲ್ಲ. ಸ್ವಲ್ಪ ಹಿಂದಕ್ಕೆ ಸುತ್ತಿ ಅದೇ ತುಂಡನ್ನು ಮತ್ತೆ ಕೇಳಿಸಿದರೆ ಸಾಕು, ಅಷ್ಟು ಹೊತ್ತೂ ಯಂತ್ರ ಕಾಯುತ್ತದೆ.

ಆದರೆ ಫೈಲನ್ನು ಎಷ್ಟು ಸಲ ಕೇಳಿಸಿದರೂ ಅದೇ ತಪ್ಪು, ಯಾಕೆಂದರೆ ತಪ್ಪು ರೆಕಾರ್ಡಿಂಗಿನಲ್ಲೇ ಇದೆ. ಲ್ಯಾಪ್‌ಟಾಪಿನಲ್ಲಿ ಅಲೆಗಳನ್ನು ಹಿಗ್ಗಿಸಿ ನೋಡಿದಾಗ ಆ ಜಾಗದಲ್ಲಿ ಸದ್ದು ಒಮ್ಮೆ ಕುಸಿದು ಮತ್ತೆ ಏಳುವುದು ಕಂಡಿತು. ಬೂಸ್ಟಿನ ಒಂದು ಕಣ ಟೇಪನ್ನು ತಲೆಯಿಂದ ಎತ್ತಿರಬೇಕು. ಆ ಭಾಗವನ್ನು ಮತ್ತೆ ಒರೆಸಿ, ತಲೆಯನ್ನು ಶುಚಿಮಾಡಿ, ಆ ಸುತ್ತಲಿನ ಭಾಗವನ್ನಷ್ಟೇ ಇನ್ನೊಮ್ಮೆ ರೆಕಾರ್ಡ್ ಮಾಡಿದೆ. ಹೊಸ ರೆಕಾರ್ಡಿಂಗಿನಲ್ಲಿ 09 ಸರಿ ಬಂತು. ಎರಡೂ ರೆಕಾರ್ಡಿಂಗಿನ ಒಳ್ಳೇ ಭಾಗ ಜೋಡಿಸಿ ಪೂರ್ತಿ ಫೈಲ್ ಮಾಡಿದೆ. ಪ್ರೋಗ್ರಾಂ ಸುಮಾರು 6 ಕಿಲೋಬೈಟಿನದು, ಅಂದರೆ 24 ತುಂಡು. ಈ ಯಂತ್ರ ಸೊನ್ನೆಯಿಂದ ಎಣಿಸುತ್ತದೆ, ಅದೂ ಹದಿನಾರರ ಲೆಕ್ಕದಲ್ಲಿ, ಹಾಗಾಗಿ ಕೊನೆಯ ನಂಬರು 17 (ನಮ್ಮ ಲೆಕ್ಕದಲ್ಲಿ 16 + 7, ಅಂದರೆ 23). ಅದು ಬಂದು ಬಾಣದ ಗುರುತು ಮೂಡಿದಾಗ ಮೇಷ್ಟ್ರೇ ಕೈ ಚಾಚಿ ‘ರನ್’ ಅಂತ ಟೈಪ್ ಮಾಡಿದರು.

ಕ್ಯಾಸೆಟ್ಟಿನಲ್ಲಿ ಏನಿತ್ತು

ಕನ್ನಡ ವರ್ಣಮಾಲೆ. ಕೀ ಒತ್ತಿದ ಹಾಗೆ ಒಂದೊಂದೇ ಅಕ್ಷರ ತೆರೆಯ ಮೇಲೆ ಸಾಲಾಗಿ ಮೂಡುತ್ತದೆ. ಈಗ ನೋಡಿದರೆ ಇದೇನು ಮಹಾ ಅನ್ನಿಸಬಹುದು. ಯಂತ್ರದ ಒಳಗೆ ಏನಿದೆ ಅಂತ ಗೊತ್ತಾದರೆ ಹಾಗನ್ನಿಸುವುದಿಲ್ಲ.

ಬಿಬಿಸಿ ಮೈಕ್ರೋಗೆ ಕನ್ನಡ ಗೊತ್ತಿಲ್ಲ. ಅದರಲ್ಲಿ ‘ವಿಡಿಯು 23’ ಅನ್ನುವ ಒಂದು ಆಜ್ಞೆ ಇದೆ, ನಿಮಗೆ ಬೇಕಾದ ಅಕ್ಷರದ ಆಕಾರವನ್ನು ನೀವೇ ಕೊಡಬಹುದು. ಅಡ್ಡ 8 ಚುಕ್ಕಿ, ಉದ್ದ 8 ಚುಕ್ಕಿ, ಪ್ರತಿ ಸಾಲಿಗೆ ಒಂದು ಸಂಖ್ಯೆಯಂತೆ ಎಂಟು ಸಂಖ್ಯೆ. ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ಸಾಕು. ‘ಘ’, ‘ಝ’, ‘ಷ’ ಇಷ್ಟರಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಮೇಷ್ಟ್ರು ನಾಲ್ಕು ಚೌಕ ಸೇರಿಸಿ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರ ಮಾಡಿದರು. ಆಗ ಬೇರೆ ತೊಂದರೆ ಬಂತು. ಹೀಗೆ ಹೊಸ ಆಕಾರ ಕೊಡಲು ಯಂತ್ರ ಸುಲಭವಾಗಿ ಬಿಟ್ಟುಕೊಡುವುದು 32 ಚೌಕ ಮಾತ್ರ, ನಾಲ್ಕರಂತೆ ಎಂಟೇ ಅಕ್ಷರ. ವರ್ಣಮಾಲೆಯಲ್ಲಿ 49 ಇವೆ.

ಅವರು ಕಂಡುಕೊಂಡ ದಾರಿ ನನಗೆ ತುಂಬ ಹಿಡಿಸಿತು. ಗ್ರಾಫಿಕ್ಸ್ ಮೋಡಿನಲ್ಲಿ ತೆರೆಯ ಮೇಲೆ ಒಮ್ಮೆ ಅಚ್ಚಾದದ್ದು ಬರೀ ಚುಕ್ಕಿಗಳು, ಆಮೇಲೆ ಆಕಾರ ಬದಲಾಯಿಸಿದರೆ ತೆರೆಯ ಮೇಲಿನದ್ದು ಬದಲಾಗುವುದಿಲ್ಲ. ಹಾಗಾಗಿ ಅವರು ಬಳಸಿದ್ದು ನಾಲ್ಕೇ ನಾಲ್ಕು ಚೌಕ. ‘ಅ’ದ ಆಕಾರ ಕೊಡು, ಅಚ್ಚು ಮಾಡು, ಅದೇ ನಾಲ್ಕಕ್ಕೆ ‘ಆ’ದ ಆಕಾರ ಕೊಡು, ಪಕ್ಕದಲ್ಲಿ ಅಚ್ಚು ಮಾಡು. ಮೋಡ್ 4 ಆರಿಸಿಕೊಂಡಿದ್ದರು, ಅದರಲ್ಲಿ ತೆರೆ 320ಕ್ಕೆ 256 ಚುಕ್ಕಿ, ಎರಡೇ ಬಣ್ಣ, 10 ಕಿಲೋಬೈಟ್ ಮಾತ್ರ ತಿನ್ನುತ್ತದೆ. ನಾಲ್ಕು ಬಣ್ಣದ ಮೋಡ್ 1 ತೆಗೆದುಕೊಂಡಿದ್ದರೆ 20 ಕಿಲೋಬೈಟ್ ತೆರೆಗೇ ಹೋಗುತ್ತಿತ್ತು. ಎಷ್ಟು ಲೆಕ್ಕ ಹಾಕಿ ಮಾಡಿದ ಕೆಲಸ ನೋಡಿ.

‘ಲಿಸ್ಟ್’ ಕೊಟ್ಟು ಪ್ರೋಗ್ರಾಂ ನೋಡಿದಾಗ ಇನ್ನೊಂದು ವಿಷಯ ಸಿಕ್ಕಿತು. ಪ್ರತಿ ಅಕ್ಷರದ ಸಂಖ್ಯೆಗಳ ಮೇಲೆ ಒಂದು ಟಿಪ್ಪಣಿ ಸಾಲು, ಅದರಲ್ಲಿ ಒಬ್ಬ ಹುಡುಗ ಅಥವಾ ಹುಡುಗಿಯ ಹೆಸರು. ಮೇಷ್ಟ್ರು ಇಡೀ ತರಗತಿಗೆ ಗ್ರಾಫ್ ಹಾಳೆ ಹಂಚಿ, ಒಬ್ಬೊಬ್ಬರಿಗೆ ಒಂದು ಅಕ್ಷರ ಕೊಟ್ಟಿದ್ದರಂತೆ. ಚೌಕ ತುಂಬಿಸಿ, ಪ್ರತಿ ಸಾಲನ್ನು ಎರಡರ ಲೆಕ್ಕದಿಂದ ಹತ್ತರ ಲೆಕ್ಕಕ್ಕೆ ತಂದು, ಸಂಖ್ಯೆ ಬರೆದು ಕೊಡಬೇಕು. ಎಂಟನೇ ತರಗತಿಯ ಗಣಿತ ಪಾಠವನ್ನೇ ಅವರು ಹೀಗೆ ಮಾಡಿಸಿದ್ದರು. “ಝ ಬರ್ದ ಹುಡ್ಗಿ ಮೂರು ಸಲ ಹರ್ದು ಬರ್ದಿದ್ಲು” ಅಂತ ನೆನಪಿಸಿಕೊಂಡರು. ‘ಝ’ ಈ ಪಟ್ಟಿಯಲ್ಲಿ ನಿಜವಾಗಿಯೂ ಎಲ್ಲಕ್ಕಿಂತ ಚೆಂದ ಇದೆ. ಮೇಷ್ಟ್ರ ಹತ್ತಿರ ಇಬ್ಬರು ಹಳೇ ವಿದ್ಯಾರ್ಥಿಗಳ ಫೋನ್ ನಂಬರು ಇತ್ತು, ಅವರಿಗೆ ಅವರವರ ಅಕ್ಷರದ ಫೋಟೋ ಹೋಗಿದೆ.

ಮಾಡದೆ ಬಿಟ್ಟದ್ದು

ಕೇಸ್ ಹಳದಿಯಾಗಿದೆ. ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ, ಎಷ್ಟೋ ಜನ ಮಾಡುತ್ತಾರೆ. ಸೋಪು ನೀರಿನಲ್ಲಿ ಒರೆಸಿ ನಿಲ್ಲಿಸಿದೆ. ಪೆರಾಕ್ಸೈಡ್ ಹಚ್ಚಿದರೆ ಶಾಲೆಯ ಸ್ಟಾಕ್ ನಂಬರಿಗೂ ಏನಾದರೂ ಆಗಬಹುದಿತ್ತು, ಅದೂ ಈ ಯಂತ್ರದ ಚರಿತ್ರೆಯೇ. ಪವರ್ ಸಪ್ಲೈ ತೆಗೆದು ಹೊಸ ಕಾಲದ್ದು ಹಾಕಿ ಅಂತ ಒಬ್ಬರು ಹೇಳಿದರು. ಹಳೆಯದು ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಅದು ಬೇಡ. ಮಲೆನಾಡಿನ ಗುಡುಗಿಗೆ ಮಾತ್ರ ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನೆ, ಮಳೆಗಾಲದಲ್ಲಿ ಪ್ಲಗ್ ತೆಗೆದೇ ಇಡಿ ಅಂತಲೂ ಹೇಳಿದ್ದೇನೆ. ಮೂಲ ಪ್ಲಗ್ ಇಂಗ್ಲೆಂಡಿನದ್ದು, ಅದರ ಬದಲು ನಮ್ಮ ಮೂರು ಪಿನ್ನಿನದು ಹಾಕಿ ಅರ್ಥಿಂಗ್ ಸರಿ ಇದೆಯಾ ಅಂತ ಪರೀಕ್ಷಿಸಿ ಕೊಟ್ಟೆ. ತಗಡಿನ ಪೆಟ್ಟಿಗೆಯ ಸಪ್ಲೈಗೆ ಅರ್ಥ್ ಇಲ್ಲದೆ ಕರೆಂಟು ಕೊಡಬಾರದು.

ವರ್ಣಮಾಲೆಯ ರೆಕಾರ್ಡಿಂಗ್ ಮತ್ತು ಅದರಿಂದ ತೆಗೆದ ಪ್ರೋಗ್ರಾಂ ಈಗ ಮೂರು ಕಡೆ ಇವೆ. ಮೂಲ ಟೇಪ್ ಸಿಲಿಕಾ ಜೆಲ್ ಡಬ್ಬಿಗೆ ವಾಪಸ್ ಹೋಗಿದೆ. ಬಿ ಸೈಡಿನಲ್ಲಿ ಇನ್ನೊಂದು ಪ್ರೋಗ್ರಾಂ ಇದೆ, ಕಾಗುಣಿತದ್ದು ಅಂತ ಮೇಷ್ಟ್ರ ನೆನಪು. ಅದರ ಹೆಸರು ಮತ್ತು ಮೊದಲ ಕೆಲವು ತುಂಡು ಬಂದಿವೆ, ನಡುವೆ ಮೂರು ತುಂಡು ಬರುತ್ತಿಲ್ಲ. ಅಲ್ಲಿ ಟೇಪಿನ ಒಂದು ಅಂಚು ಸ್ವಲ್ಪ ಮುದುರಿದೆ, ನನ್ನ ಡೆಕ್ಕಿನ ತಲೆ ಅದನ್ನು ಪೂರ್ತಿ ಮುಟ್ಟುತ್ತಿಲ್ಲ. ಬೇರೆ ಡೆಕ್ಕಿನಲ್ಲಿ, ಎಡ ಮತ್ತು ಬಲ ಟ್ರ್ಯಾಕನ್ನು ಬೇರೆಬೇರೆ ರೆಕಾರ್ಡ್ ಮಾಡಿ, ಮುದುರಿಲ್ಲದ ಕಡೆಯ ಟ್ರ್ಯಾಕಿನಿಂದ ಮಾತ್ರ ಓದಿದರೆ ಸಿಗಬಹುದು ಅನ್ನುವುದು ನನ್ನ ಲೆಕ್ಕ. ಶಿವಮೊಗ್ಗ, ಸಾಗರ ಕಡೆ ಯಾರ ಹತ್ತಿರವಾದರೂ ತಲೆ ಸವೆಯದ ಒಳ್ಳೇ ಸ್ಟೀರಿಯೋ ಕ್ಯಾಸೆಟ್ ಡೆಕ್ ಇದ್ದರೆ ತಿಳಿಸಿ, ಟೇಪ್ ಹಿಡಿದುಕೊಂಡು ನಾನೇ ಬರುತ್ತೇನೆ.